ನರಹುಲಿ ತೆಗೆಸುವ ಮುನ್ನ ಅದೇನೆಂದು ಗೊತ್ತಾಗಲಿ

ತಾಳಿ ಸರ ಉಜ್ಜಿದಾಗಲೆಲ್ಲ ಉರಿಯುವ ಕುತ್ತಿಗೆಯ ಪುಟ್ಟ ಗುಳ್ಳೆ, ಗಡ್ಡ ಕೆರೆಯುವಾಗ ಬ್ಲೇಡಿಗೆ ಸಿಕ್ಕಿ ರಕ್ತ ಬರಿಸುವ ಗಂಟು, ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚುಚ್ಚುವ ಅಂಗಾಲಿನ ಗಡಸು. ಇವುಗಳಲ್ಲಿ ಹೆಚ್ಚಿನವು ಪ್ರಾಣಕ್ಕೆ ಕುತ್ತು ತರುವಂಥವಲ್ಲ. ಅದೇ ಧೈರ್ಯದಿಂದ ಜನ ಮನೆಯಲ್ಲೇ ಕೈ ಹಾಕುತ್ತಾರೆ. ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಹಚ್ಚುವುದು, ಬುಡಕ್ಕೆ ಕೂದಲು ಬಿಗಿಯುವುದು, ಊದುಬತ್ತಿಯ ತುದಿ ಮುಟ್ಟಿಸುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಸವರುವುದು ಇಂದಿಗೂ ನಿಂತಿಲ್ಲ. ಸುಣ್ಣ, ಸೋಡಾ ಎರಡೂ ತೀಕ್ಷ್ಣ ಕ್ಷಾರ. ಗುಳ್ಳೆ ಎಲ್ಲಿ ಮುಗಿಯಿತು, ಒಳ್ಳೆಯ ಚರ್ಮ ಎಲ್ಲಿ ಶುರುವಾಯಿತು ಎಂಬುದು ಅದಕ್ಕೆ ತಿಳಿಯದು. ಒರೆಸಿದ ಮೇಲೂ ಒಳಗೊಳಗೇ ಸುಡುತ್ತಾ ಹೋಗುತ್ತದೆ. ಎರಡು ತಿಂಗಳಲ್ಲಿ ತಾನೇ ಹೋಗಬಹುದಾಗಿದ್ದ ಗುಳ್ಳೆಗೆ ಬದಲಾಗಿ ಜೀವನಪೂರ್ತಿ ಉಳಿಯುವ ಕಲೆ ಬೀಳುತ್ತದೆ.

ವೈದ್ಯರ ಬಳಿ ತೆಗೆಸುವುದು ಬಹುಪಾಲು ಹತ್ತು–ಹದಿನೈದು ನಿಮಿಷದ ಕೆಲಸ. ಆದರೆ ತೆಗೆಸುವುದಕ್ಕಿಂತ ಮುಖ್ಯವಾದದ್ದು ಅದರ ಹಿಂದಿನ ಹೆಜ್ಜೆ.

ಮೊದಲು ಗುರುತು ಹಚ್ಚಿಸಿ

ಚರ್ಮದ ಮೇಲೆ ಎದ್ದದ್ದಕ್ಕೆಲ್ಲ ನಾವು ನರಹುಲಿ, ನರೋಲಿ ಎಂದುಬಿಡುತ್ತೇವೆ. ನಿಜವಾದ ನರಹುಲಿ ಬರುವುದು ಎಚ್‌ಪಿವಿ ಎಂಬ ವೈರಸ್‌ನಿಂದ. ಮೇಲ್ಮೈ ಹೂಕೋಸಿನಂತೆ ಒರಟು. ಕೆರೆದರೆ, ಅದರ ಮೇಲೆಯೇ ಬ್ಲೇಡ್ ಎಳೆದರೆ ಆ ಗೀರಿನುದ್ದಕ್ಕೂ ಹೊಸವು ಸಾಲುಗಟ್ಟಿ ಏಳುತ್ತವೆ. ಕುತ್ತಿಗೆ, ಕಂಕುಳಲ್ಲಿ ಸಣ್ಣ ತೊಟ್ಟಿನಿಂದ ಜೋತುಬಿದ್ದಿರುವ ಮೆತ್ತನೆಯದು ಸ್ಕಿನ್ ಟ್ಯಾಗ್. ಅದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ತೂಕ ಹೆಚ್ಚಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಗರ್ಭಿಣಿಯರಲ್ಲಿ ಇದು ಹೆಚ್ಚು. ಸ್ಕಿನ್ ಟ್ಯಾಗ್ ಹಲವಾರಿದ್ದು, ಕುತ್ತಿಗೆಯ ಹಿಂಭಾಗ ಕಪ್ಪಾಗಿ ದಪ್ಪಗಾಗಿದ್ದರೆ ಗುಳ್ಳೆ ತೆಗೆಸುವ ಮೊದಲೇ ರಕ್ತದ ಸಕ್ಕರೆ ನೋಡಿಸಿ. ಎಷ್ಟೋ ಮಂದಿಗೆ ತಮಗೆ ಮಧುಮೇಹ ಇದೆ ಎಂದು ತಿಳಿಯುವುದೇ ಹೀಗೆ.

ನಡುವಯಸ್ಸಿನ ಹೊತ್ತಿಗೆ ಕೆನ್ನೆ, ಕಣ್ಣಿನ ಸುತ್ತ ಏಳುವ ಪುಟ್ಟ ಕಪ್ಪು ಕಾಳುಗಳು, ವಯಸ್ಸಾದವರ ಬೆನ್ನಿನ ಮೇಲೆ ಅಂಟಿಸಿಟ್ಟ ಹಾಗೆ ಕಾಣುವ ಕಂದು ಬಿಲ್ಲೆಗಳು ನಿರುಪದ್ರವಿ. ಮಕ್ಕಳ ಮೈಮೇಲೆ ಮುತ್ತಿನ ಬಣ್ಣದ, ನಡುವೆ ಕುಳಿ ಬಿದ್ದ ಗುಳ್ಳೆಗಳಿದ್ದರೆ ಅದು ಬೇರೆಯೇ ವೈರಸ್ಸಿನದು, ಮೊಲಸ್ಕಮ್ ಎನ್ನುತ್ತಾರೆ.

ಹೆಚ್ಚು ಗೊಂದಲ ಇರುವುದು ಅಂಗಾಲಿನಲ್ಲಿ: ಆಣಿಯೋ, ನರಹುಲಿಯೋ? ವೈದ್ಯರು ಸ್ಪಿರಿಟ್ ಒರೆಸಿ, ಮೇಲಿನ ಗಡಸು ಚರ್ಮವನ್ನು ಬ್ಲೇಡಿನಿಂದ ಪದರ ಪದರವಾಗಿ ಹೆರೆಯುತ್ತಾರೆ. ಸತ್ತ ಚರ್ಮವಾದ್ದರಿಂದ ನೋಯುವುದಿಲ್ಲ. ನರಹುಲಿಯಾದರೆ ನಾಲ್ಕೈದು ಪದರ ಹೋಗುವಷ್ಟರಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ; ಇನ್ನೊಂದು ಪದರ ತೆಗೆದರೆ ಅಲ್ಲೇ ರಕ್ತ ಜಿನುಗುತ್ತದೆ. "ಇದರ ಬೇರು ಕಿತ್ತುಹಾಕಿ ಡಾಕ್ಟ್ರೇ" ಎಂದು ಕೇಳುವವರು ಬೇರು ಎನ್ನುವುದು ಇದನ್ನೇ. ಅದು ಹೆಪ್ಪುಗಟ್ಟಿದ ಸಣ್ಣ ರಕ್ತನಾಳ. ನರಹುಲಿ ಇರುವುದು ಚರ್ಮದ ಮೇಲ್ಪದರದಲ್ಲಿ ಮಾತ್ರ, ಆಳಕ್ಕೆ ಅಗೆದು ಕೀಳುವಂಥದ್ದು ಏನೂ ಇಲ್ಲ. ಆಣಿಯಲ್ಲಿ ಈ ಚುಕ್ಕೆಗಳಿರುವುದಿಲ್ಲ, ನಡುವೆ ಗಟ್ಟಿ ತಿರುಳಿರುತ್ತದೆ. ಮನೆಯಲ್ಲೂ ಒಂದು ಅಂದಾಜು ಸಿಗುತ್ತದೆ: ಎರಡು ಬದಿಯಿಂದ ಹಿಂಡಿದಾಗ ಹೆಚ್ಚು ನೊಂದರೆ ನರಹುಲಿ, ಮೇಲಿನಿಂದ ಒತ್ತಿದಾಗ ಹೆಚ್ಚು ನೊಂದರೆ ಆಣಿ.

ಇಂಥದ್ದನ್ನು ಸುಡಿಸಲೇಬೇಡಿ

ಇದ್ದ ಮಚ್ಚೆ ಕೆಲವು ತಿಂಗಳಲ್ಲಿ ದೊಡ್ಡದಾದರೆ, ಅಂಚು ಅಂಕುಡೊಂಕಾದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಕಂಡರೆ, 6 ಮಿಲಿಮೀಟರಿಗಿಂತ ಅಗಲವಾದರೆ, ತಾನಾಗಿ ರಕ್ತ ಒಸರಿದರೆ, ವಾಸಿಯಾಗದ ಹುಣ್ಣಾದರೆ ಅದನ್ನು ತಡ ಮಾಡದೆ ತೋರಿಸಬೇಕು. ಭಾರತೀಯರಲ್ಲಿ ಚರ್ಮದ ಮೆಲನೋಮ ಕ್ಯಾನ್ಸರ್ ಅಪರೂಪ. ಬಂದಾಗ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದೇ ಹೆಚ್ಚು. ಹಾಗಾಗಿ ಅಂಗಾಲಿನಲ್ಲಿ ಹೊಸದಾಗಿ ಕಂಡ ಕಪ್ಪು ಕಲೆಯನ್ನು ಆಣಿ ಎಂದುಕೊಂಡು ಕೊಯ್ದುಕೊಳ್ಳಬೇಡಿ. ಅನುಮಾನದ ಮಚ್ಚೆಯನ್ನು ಲೇಸರ್‌ನಲ್ಲಿ ಸುಟ್ಟರೆ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ, ರೋಗ ಒಳಗೇ ಉಳಿಯುತ್ತದೆ. ಬ್ಯೂಟಿ ಪಾರ್ಲರಿನಲ್ಲಿ ಮಚ್ಚೆ ತೆಗೆಸುವುದನ್ನು ನಾನು ಕಟುವಾಗಿ ವಿರೋಧಿಸುವುದು ಇದೇ ಕಾರಣಕ್ಕೆ. ಅಲ್ಲಿ ಯಂತ್ರ ಇರಬಹುದು, ಗುರುತು ಹಚ್ಚುವ ಕಣ್ಣು ಇರುವುದಿಲ್ಲ.

ಕೆಲವನ್ನು ಬಿಟ್ಟುಬಿಡಬಹುದು

ಮಕ್ಕಳ ನರಹುಲಿಯಲ್ಲಿ ಮೂರರಲ್ಲಿ ಎರಡು ಪಾಲು 2 ವರ್ಷದೊಳಗೆ ತಾವಾಗಿಯೇ ಮಾಯವಾಗುತ್ತವೆ. ದೇಹದ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತಿಸಿದ ದಿನ ಅದು ಒಣಗಲು ಶುರು. ದೇವರಿಗೆ ಹರಕೆ ಹೊತ್ತ ಮೇಲೆ ಹೋಯಿತು, ಯಾರೋ ಕೊಟ್ಟ ಬೇರು ತೇಯ್ದು ಹಚ್ಚಿದ ಮೇಲೆ ಹೋಯಿತು ಎನ್ನುವ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಹರಕೆಯಿಂದ ಚರ್ಮಕ್ಕೇನೂ ಕೆಡುಕಿಲ್ಲ, ಹೊರುವವರು ಹೊರಲಿ. ನೋವು, ಹರಡುವಿಕೆ, ಸಂಕೋಚ ಇಲ್ಲದಿದ್ದರೆ ಮಗುವನ್ನು ಸೂಜಿಯ ಮುಂದೆ ಕೂರಿಸುವ ಅವಸರ ಬೇಡ.

ಯಾರ ಬಳಿ, ಏನು ಹೇಳಬೇಕು

ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಮಾಡಿದ, ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿಸಿಕೊಂಡ ವೈದ್ಯರನ್ನು ಹುಡುಕಿ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗವೇ ಒಳ್ಳೆಯ ದಾರಿ. ಖಾಸಗಿಯಲ್ಲಾದರೆ ಒಂದು ಗುಳ್ಳೆಗೆ ಇಷ್ಟೆಂದೋ, ಒಂದು ಸಲದ ಚಿಕಿತ್ಸೆಗೆ ಇಷ್ಟೆಂದೋ ಮೊದಲೇ ಕೇಳಿ. ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಕುರ್ಚಿಯಲ್ಲಿ ಕೂತ ಮೇಲೆ ನೆನಪಾಗದೆ ಹೋಗುವ ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಕ್ಕರೆ ಕಾಯಿಲೆ, ಗರ್ಭ, ಮರಗಟ್ಟಿಸುವ ಇಂಜೆಕ್ಷನ್ನಿನಿಂದ ಹಿಂದೆ ಆಗಿದ್ದ ತೊಂದರೆ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದು. ವಿದ್ಯುತ್ತಿನಿಂದ ಸುಡುವ ಯಂತ್ರ ಪೇಸ್‌ಮೇಕರಿಗೆ ತೊಡಕಾಗಬಹುದು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹಿಂದೆ ಗಾಯವಾದ ಜಾಗ ಉಬ್ಬಿ ಗಂಟಾಗಿದ್ದರೆ, ಅಂದರೆ ಕೀಲಾಯ್ಡ್ ಇದ್ದರೆ, ಅದನ್ನು ತೋರಿಸಲೇಬೇಕು. ಎದೆ, ಭುಜದ ಮೇಲೆ ಇಂಥವರಿಗೆ ಗುಳ್ಳೆಗಿಂತ ಕಲೆಯೇ ದೊಡ್ಡದಾಗುತ್ತದೆ.

ತೆಗೆಯುವ ದಾರಿಗಳು

ನರಹುಲಿಗೆ ಮೊದಲ ಮದ್ದು ಸ್ಯಾಲಿಸಿಲಿಕ್ ಆಮ್ಲದ ದ್ರಾವಣ ಅಥವಾ ಪ್ಲಾಸ್ಟರ್. ಬಿಸಿನೀರಲ್ಲಿ ನೆನೆಸಿ, ಉಜ್ಜಿ, ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಸವರಿ, ನರಹುಲಿಯ ಮೇಲಷ್ಟೇ ದಿನವೂ ಹಚ್ಚಬೇಕು. 12 ವಾರ ಬೇಕಾಗಬಹುದು; ಮೂರನೇ ವಾರಕ್ಕೇ ಕೈಬಿಡುವುದರಿಂದಲೇ ಇದು ಸೋಲುವುದು. ಮುಖಕ್ಕೆ ಇದು ಬೇಡ. ಸಕ್ಕರೆ ಕಾಯಿಲೆಯವರು ಕಾಲಿಗೆ ತಾವಾಗಿಯೇ ಹಚ್ಚಿಕೊಳ್ಳಬಾರದು.

ಎರಡನೆಯದು ಕ್ರಯೊಥೆರಪಿ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕ ಮುಟ್ಟಿಸಿದ ಕೂಡಲೇ ಗುಳ್ಳೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಕೆಲವು ಸೆಕೆಂಡು ಚುರುಗುಟ್ಟುತ್ತದೆ. ಮರುದಿನ ನೀರು ತುಂಬಿದ ಬೊಬ್ಬೆ ಬರಬಹುದು, ಒಡೆಯಬೇಡಿ. ಎರಡು ಮೂರು ವಾರಕ್ಕೊಮ್ಮೆ ಹಲವು ಸಲ ಮಾಡಿಸಬೇಕಾಗುತ್ತದೆ. ನಮ್ಮ ಗೋಧಿಬಣ್ಣ, ಕಪ್ಪುಬಣ್ಣದ ಚರ್ಮದಲ್ಲಿ ಬಿಳಿ ಕಲೆ ಉಳಿಯುವ ಸಾಧ್ಯತೆ ಇದೆ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ.

ವಿದ್ಯುತ್ ಕಾಟರಿ, ರೇಡಿಯೊ ಫ್ರೀಕ್ವೆನ್ಸಿ, ಲೇಸರ್ ಮೂರರಲ್ಲೂ ಸುಡುವುದೇ ಕೆಲಸ. ಮರಗಟ್ಟಿಸುವ ಕ್ರೀಮ್ ಬಳಿದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಯಿಸುತ್ತಾರೆ; ದಪ್ಪದ್ದಾದರೆ ಇಂಜೆಕ್ಷನ್. ನರಹುಲಿ ಸುಡುವಾಗ ಏಳುವ ಹೊಗೆಯಲ್ಲಿ ವೈರಸ್ ಇರಬಹುದಾದ್ದರಿಂದ ವೈದ್ಯರು ಮಾಸ್ಕ್ ಹಾಕಿ, ಹೊಗೆ ಎಳೆಯುವ ಯಂತ್ರ ಇಟ್ಟುಕೊಳ್ಳಬೇಕು. ತೊಟ್ಟು ಸಣ್ಣದಿರುವ ಸ್ಕಿನ್ ಟ್ಯಾಗನ್ನು ಶುದ್ಧೀಕರಿಸಿದ ಕತ್ತರಿಯಲ್ಲಿ ಕ್ಷಣದಲ್ಲಿ ಕತ್ತರಿಸುತ್ತಾರೆ. ಕೊಬ್ಬಿನ ಗಂಟು, ಮೇದೋಗ್ರಂಥಿಯ ಗಂಟುಗಳಿಗೆ ಕೊಯ್ದು ಹೊಲಿಗೆ ಹಾಕಬೇಕು. ಎರಡನೆಯದರ ಚೀಲ ಪೂರ್ತಿ ಬರದಿದ್ದರೆ ಅದೇ ಜಾಗದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮುಖದ ಹೊಲಿಗೆ 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ, ಬೆನ್ನಿನದು 10ರಿಂದ 14 ದಿನ.

ಕೈತುಂಬ ನರಹುಲಿ ಎದ್ದವರಿಗೆ ಒಂದೊಂದನ್ನೂ ಸುಡದೆ, ಒಂದೆರಡಕ್ಕೆ ಎಂಎಂಆರ್ ಲಸಿಕೆಯನ್ನೋ ವಿಟಮಿನ್ ಡಿ3 ಅನ್ನೋ ಚುಚ್ಚಿ ದೇಹದ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆಯೂ ಇದೆ. ಎಲ್ಲರಿಗೂ ಫಲಿಸುವುದಿಲ್ಲ, ಫಲಿಸಿದರೆ ಚುಚ್ಚದೇ ಬಿಟ್ಟವೂ ಉದುರುತ್ತವೆ.

ಮನೆಗೆ ಬಂದ ಮೇಲೆ

ಮೊದಲ 24 ಗಂಟೆ ಒದ್ದೆ ಮಾಡಬೇಡಿ. ಆಮೇಲೆ ಸೋಪು ನೀರಲ್ಲಿ ಮೆಲ್ಲಗೆ ತೊಳೆದು ವೈದ್ಯರು ಕೊಟ್ಟ ಮುಲಾಮು ಹಚ್ಚಿ. ಅರಿಸಿನ, ಕಾಫಿಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಒಣಗಿದ ಹೊಪ್ಪಳೆ ವಾರ, ಹತ್ತು ದಿನದಲ್ಲಿ ತಾನೇ ಬೀಳುತ್ತದೆ. ಕಿತ್ತರೆ ಕುಳಿ ಬೀಳುತ್ತದೆ. ಮುಖದಲ್ಲಾದರೆ ಹೊಪ್ಪಳೆ ಬಿದ್ದ ಮೇಲೆ ಕೆಲವು ತಿಂಗಳು ಸನ್‌ಸ್ಕ್ರೀನ್ ಬಿಡಬೇಡಿ, ಹೊಸ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತದೆ. ಕೆಂಪು ಹರಡಿದರೆ, ಕೀವು, ಜ್ವರ ಬಂದರೆ ಮರಳಿ ಹೋಗಿ.

ಜನನಾಂಗದ ನರಹುಲಿಯನ್ನು ಹೇಳಿಕೊಳ್ಳಲಾರದೆ ಗೋಡೆ ಜಾಹೀರಾತಿನ ವೈದ್ಯರ ಕೈಗೆ ಬೀಳುವವರು ಬಹಳ. ಚರ್ಮರೋಗ ತಜ್ಞರಿಗೆ ಇದು ದಿನನಿತ್ಯದ ಕಾಯಿಲೆ. ಗಂಡ ಹೆಂಡತಿ ಇಬ್ಬರೂ ತೋರಿಸಿಕೊಳ್ಳಬೇಕು. ಹೆಣ್ಣುಮಕ್ಕಳು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಇಂಥ ನರಹುಲಿಗೆ ಮುಖ್ಯ ಕಾರಣವಾದ ಎಚ್‌ಪಿವಿ 6 ಮತ್ತು 11ನೇ ಬಗೆಗಳನ್ನು ಭಾರತದ್ದೇ ಆದ ಸರ್ವಾವ್ಯಾಕ್ ಲಸಿಕೆಯೂ ತಡೆಯುತ್ತದೆ. ಕೈಕಾಲಿನ ನರಹುಲಿ ಬೇರೆ ಬಗೆಗಳದ್ದಾದ್ದರಿಂದ ಅದಕ್ಕೆ ಈ ಲಸಿಕೆ ನೆಚ್ಚಬೇಡಿ.

ಕೊಯ್ದು ತೆಗೆದ ಗಂಟನ್ನು ಪ್ರಯೋಗಾಲಯಕ್ಕೆ ಕಳಿಸುವಿರಾ ಎಂದು ಎದ್ದು ಬರುವ ಮುನ್ನ ಕೇಳಿ. ಅನುಮಾನದ ಮಚ್ಚೆಯಾಗಿದ್ದರೆ ಕಳಿಸಲೇಬೇಕು. ವರದಿ ಬಂತೇ ಎಂದು ಫೋನು ಮಾಡಿ ವಿಚಾರಿಸಿ, ಪ್ರತಿಯನ್ನು ಕೈಗೆ ತೆಗೆದುಕೊಂಡು ಮನೆಯ ಕಡತದಲ್ಲಿ ಇಡಿ.