ಬದುಕಿಸಿದವನಿಗೇ ಬೈಗುಳ

ಪ್ರಶ್ನೆ: ನನ್ನ ಮಗ ಕೆನಡಾದ ವ್ಯಾಂಕೂವರ್‌ನಲ್ಲಿ ಆಂಬುಲೆನ್ಸ್ ಪ್ಯಾರಾಮೆಡಿಕ್. ಡ್ರಗ್ಸ್ ತೊಗೊಂಡು ಬೀದಿಯಲ್ಲಿ ಬಿದ್ದವರನ್ನು ಎಬ್ಬಿಸೋದೇ ದಿನದ ಕೆಲಸವಂತೆ. ಎದ್ದವರು ಇವನನ್ನೇ ಬೈತಾರಂತೆ. ಒಬ್ಬನನ್ನಂತೂ ಒಂದೇ ವಾರದಲ್ಲಿ ಎರಡು ಸಲ ಉಳಿಸಿದನಂತೆ. ಆ ವಿಷ ಇವನ ಕೈಗೆ ತಾಗಿದರೆ ಏನು ಗತಿ? ಈಚೆಗೆ ಮಾತೇ ಕಮ್ಮಿ. ‘ಬಿಟ್ಟು ಬಾ’ ಅಂದರೆ ಫೋನ್ ಇಟ್ಟುಬಿಡ್ತಾನೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ವಿಷ ತಾಗುವ ಭಯ ಬಿಡಿ. ಅಲ್ಲಿ ಬೀದಿಯಲ್ಲಿ ಸಿಗುವ ಫೆಂಟನಿಲ್ ಎಂಬ ಮಾದಕ ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಪ್ರಬಲ, ನಿಜ. ಆದರೆ ಚೂರು ಪುಡಿ ಚರ್ಮಕ್ಕೆ ತಾಗಿದ ಮಾತ್ರಕ್ಕೆ ಉಸಿರು ನಿಲ್ಲುವ ಸಂಭವ ತೀರಾ ಕಮ್ಮಿಯೆಂದು ಅಮೆರಿಕದ ವಿಷವಿಜ್ಞಾನ ತಜ್ಞರು 2017ರಲ್ಲೇ ಹೇಳಿದ್ದಾರೆ. ಕೈಗವಸು ಇರುತ್ತದೆ, ತಾಗಿದರೂ ನೀರಿನಲ್ಲಿ ತೊಳೆದರಾಯಿತು.

ಅವನನ್ನು ಕೊರೆಯುತ್ತಿರುವುದು ಬೇರೆ. ಈ ಮಾದಕ ಮಿದುಳಿನಲ್ಲಿ ಕೂತು ಉಸಿರಾಟವನ್ನೇ ಮರೆಸುತ್ತದೆ. ನಿಮ್ಮ ಮಗ ಮೊದಲು ಮುಖಕ್ಕೆ ಮಾಸ್ಕ್ ಇಟ್ಟು, ಚೀಲ ಒತ್ತಿ ಗಾಳಿ ತುಂಬುತ್ತಾನೆ. ಆಮೇಲೆ ನಲಾಕ್ಸೋನ್ ಎಂಬ ಮದ್ದು. ಬಸ್ಸಿನಲ್ಲಿ ಕೂತವನನ್ನು ಎಬ್ಬಿಸಿ ತಾನು ಸೀಟು ಹಿಡಿಯುವವನ ಹಾಗೆ ಅದು ಮಾದಕದ ಜಾಗ ಕಿತ್ತುಕೊಳ್ಳುತ್ತದೆ. ವ್ಯಸನಿಗೆ ಆ ಗಳಿಗೆಯಲ್ಲಿ ವಾಂತಿ, ಬೆವರು, ಮೈಕೈ ನೋವು, ಸಿಟ್ಟು ಎಲ್ಲವೂ ಒಟ್ಟಿಗೇ ನುಗ್ಗುತ್ತವೆ. ಎದುರಿಗೆ ಸಿಕ್ಕವನಿಗೆ ಬೈಗುಳ ಬೀಳದೆ ಇನ್ನೇನು? ಕಷ್ಟವೆಂದರೆ, ನಲಾಕ್ಸೋನ್ 30ರಿಂದ 90 ನಿಮಿಷದಲ್ಲಿ ಇಳಿದುಹೋಗುತ್ತದೆ. ನಿಂತಿದ್ದ ಮಾದಕ ಮತ್ತೆ ಸೀಟಿಗೆ ಬರಬಹುದು. ಅದಕ್ಕೇ ಆಸ್ಪತ್ರೆಗೆ ಬಾ ಎಂದು ಬೇಡಿಕೊಂಡರೂ ಕೆಲವರು ಎದ್ದು ನಡೆದುಬಿಡುತ್ತಾರೆ. ಅವರ ಬೆನ್ನು ನೋಡುತ್ತಾ ನಿಲ್ಲುವುದಿದೆಯಲ್ಲ, ಬೈಗುಳಕ್ಕಿಂತ ಅದು ಭಾರ.

ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಈ ಡ್ರಗ್ಸ್ ಸಾವುಗಳನ್ನು ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಎಂದು ಸಾರಿದ್ದು 2016ರ ಏಪ್ರಿಲ್‌ನಲ್ಲಿ. ನಿಮ್ಮ ಮಗನೊಬ್ಬನೇ ಮುಗಿಸುವ ಕೆಲಸವಲ್ಲ. ಅದೇ ಮನುಷ್ಯನನ್ನು ಎರಡನೇ ಸಲ ಉಳಿಸಿದ್ದನ್ನು ಅವನು ಸೋಲು ಅಂದುಕೊಂಡಿರಬಹುದು. ನನ್ನ ಲೆಕ್ಕದಲ್ಲಿ ಅದು ಎರಡು ಸಲದ ಗೆಲುವು; ಸತ್ತವನಿಗೆ ವ್ಯಸನ ಬಿಡಿಸಲು ಯಾರಿಂದಲೂ ಆಗದು.

ನೀವು ‘ಬಾ’ ಅಂದಾಗಲೆಲ್ಲ ಅವನಿಗೆ ಕೇಳಿಸುವುದು ‘ನಿನ್ನ ಕೆಲಸ ದಂಡ’ ಎಂದು. ಒಂದು ತಿಂಗಳು ಆ ಮಾತು ಎತ್ತಬೇಡಿ. ‘ಇವತ್ತು ಯಾರು ಸಿಕ್ಕಿದ್ದರೋ?’ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಉಪದೇಶ ಬೇಡ, ಊಟ ಆಯ್ತಾ ಅಂತ ಬೇಕಾದರೆ ಕೇಳಿ. ನಿದ್ದೆ ಕೆಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ ಆಪ್ತಸಮಾಲೋಚಕರನ್ನು ಕಾಣಲು ಹೇಳಿ. ಬದುಕೇ ಬೇಡ ಎಂಬ ಮಾತು ಬಂದರೆ ತಡಮಾಡಬೇಡಿ, ಅವನು ಕೆನಡಾದಲ್ಲಿ 988 ಸಹಾಯವಾಣಿಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ನಿಮ್ಮ ಮನಸ್ಸೇ ತಡೆಯದಿದ್ದರೆ ಇಲ್ಲಿ ಟೆಲಿ-ಮಾನಸ್ ಸಹಾಯವಾಣಿ ಇದೆ: 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.