ವಿಕಟಕವಿ ಸಂಖ್ಯೆಗಳು

ಮಕ್ಕಳೇ, ‘ವಿಕಟಕವಿ’ ಎಂದು ಬರೆದು ಹಿಂದಿನಿಂದ ಓದಿ. ಮತ್ತೆ ವಿಕಟಕವಿಯೇ! ಅಂಕಿಗಳಲ್ಲೂ ಇಂಥ ತಮಾಷೆ ಇದೆ. ಬರೀ ಒಂದುಗಳನ್ನು ಸಾಲಾಗಿ ಬರೆದು ಅದರ ವರ್ಗ ಕಂಡುಹಿಡಿಯೋಣ:

11 × 11 = 121
111 × 111 = 12321
1111 × 1111 = 1234321

ಈ ಆಟ ಬಹಳ ಹಳೆಯದು. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದರು. ಗುಣಾಕಾರದ ಪಾಠದಲ್ಲಿ ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಅವರ ಒಂದು ಲೆಕ್ಕ ನೋಡಿ:

27994681 × 441 = 12345654321

ಇದರ ಗುಟ್ಟೇನು? 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. ಈಗ 21ನ್ನು 5291ರಿಂದ ಗುಣಿಸಿ. 111111! ನಮ್ಮ ಒಂದುಗಳೇ ವೇಷ ಹಾಕಿಕೊಂಡು ಬಂದಿವೆ.

ಕೊವೆಂಟ್ರಿಯ ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬಳು ಕೇಳಿದಳು: “ಟೀಚರ್, ಹಾರ ಎಷ್ಟು ಉದ್ದ ಬೇಕಾದರೂ ಆಗುತ್ತಾ?”

“ನೀನೇ ನೋಡು.”

ಒಂಬತ್ತು ಒಂದುಗಳವರೆಗೆ ಎಲ್ಲವೂ ಸರಿ: 12345678987654321. ಹತ್ತು ಒಂದುಗಳಿಗೆ ಕ್ಯಾಲ್ಕುಲೇಟರ್ ಒತ್ತಿದಳು. ಅದು ಮೊದಲ ಕೆಲವು ಅಂಕಿ ತೋರಿಸಿ ಉಳಿದ ಬಾಲವನ್ನು ನುಂಗಿಬಿಟ್ಟಿತು! ಸರಿ, ಕಾಗದ ಪೆನ್ಸಿಲ್ ಬಂತು.

111ನ್ನು 111ರಿಂದ ಗುಣಿಸುವಾಗ ಮೂರು ಸಾಲು ಬರುತ್ತವೆ. ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿಯುತ್ತದೆ. ಒಂದೊಂದು ಕಂಬಸಾಲಿನಲ್ಲಿ ಎಷ್ಟು ಒಂದುಗಳಿವೆ ಎಂದು ಎಣಿಸಿ: 1, 2, 3, 2, 1. ಅದೇ ಉತ್ತರ! ಹತ್ತು ಒಂದುಗಳಾದರೆ ನಡುವಿನ ಕಂಬಸಾಲಿನಲ್ಲಿ ಹತ್ತು ಬರುತ್ತದೆ. ಸೊನ್ನೆ ಬರೆದು, ಕೈಯಲ್ಲಿ ಒಂದು. ಪಕ್ಕದ 9 ಅದರಿಂದ 10 ಆಗುತ್ತದೆ. ಮತ್ತೆ ಸೊನ್ನೆ, ಕೈಯಲ್ಲಿ ಒಂದು. ಅದರಾಚೆಯ 8 ಈಗ 9. ಉತ್ತರ 1234567900987654321. ಹಾರ ಕಡಿದುಹೋಯಿತು!

“ಒಂಬತ್ತು ಸಲ ಸರಿ ಬಂತಲ್ಲ!” ಎಂದು ಅವಳು ಪೆಚ್ಚಾದಳು. ಪಾಠ ಇರುವುದೇ ಅಲ್ಲಿ. ಒಂಬತ್ತು ಸಲ ಸರಿಯಾದದ್ದು ಹತ್ತನೆಯ ಸಲವೂ ಸರಿಯಾಗಬೇಕೆಂದಿಲ್ಲ. ‘ಏಕೆ?’ ಎಂದು ಕೇಳಿದವರಿಗೆ ಮಾತ್ರ ಹಾರ ಎಲ್ಲಿ ಕಡಿಯುತ್ತದೆ ಎಂಬುದು ಮೊದಲೇ ತಿಳಿಯುತ್ತದೆ.

ಈಗ ನಿಮ್ಮ ಸರದಿ. 11ರ ಘಾತಗಳು: 11, 121, 1331, 14641. ನಾಲ್ಕೂ ವಿಕಟಕವಿಗಳೇ. ಐದನೆಯದು? ಕೈಯಿಂದಲೇ ಗುಣಿಸಿ. ಏನಾಯಿತು, ಏಕೆ ಹಾಗಾಯಿತು ಎಂದು ಅಪ್ಪ ಅಮ್ಮನಿಗೆ ವಿವರಿಸಿ. ಕನ್ನಡದಲ್ಲೇ!