ಕುಪ್ಪಳಿಯ ಕವಿಮನೆ

ಕಮಠಾಣದ ಸುತ್ತಿನ ಹಳ್ಳಿಗಳಲ್ಲಿ ಬೆಳೆದ ವಿದ್ಯಾರ್ಥಿಗೆ ಹಳೆಯ ಮನೆಯೆಂದರೆ ಕೆಂಪು ಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಸಮತಟ್ಟಾದ ಮಣ್ಣಿನ ಮಾಳಿಗೆ. ಅಂಥವನು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನೋ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೋ ಓದಲು ಹಿಡಿದರೆ ಮೊದಲು ಎಡವುವುದು ಮನೆಯ ವಿವರಗಳಲ್ಲಿಯೇ. ಜಗಲಿ, ತೊಟ್ಟಿ, ಉಪ್ಪರಿಗೆ ಎಂಬ ಮಾತುಗಳಿಗೆ ನಿಘಂಟು ಅರ್ಥ ಹೇಳೀತು. ಅವು ಒಂದರೊಡನೊಂದು ಹೇಗೆ ಕೂಡಿಕೊಂಡಿವೆ ಎಂಬುದನ್ನು ಹೇಳಲಾರದು. ಅದನ್ನು ಕಣ್ಣಾರೆ ತಿಳಿಯಬೇಕಾದರೆ ಕುಪ್ಪಳಿಗೆ ಹೋಗಬೇಕು.

ಕುಪ್ಪಳಿಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಒಂದು ಚಿಕ್ಕ ಊರು. ಕವಿ ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬಾಲ್ಯ ಕಳೆದದ್ದು ಕುಪ್ಪಳಿಯ ಈ ಮನೆಯಲ್ಲಿ. ಮಧ್ಯದಲ್ಲಿ ತುಳಸಿಯಿರುವ ಅಂಗಳ, ಸುತ್ತಲೂ ಮರದ ಕಂಬಗಳು, ಮೂರು ಅಂತಸ್ತು, ಮಲೆನಾಡಿನ ಮಳೆಯನ್ನು ಜಾರಿಸಿಬಿಡುವ ಇಳಿಜಾರು ಹೆಂಚಿನ ಸೂರು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಇದನ್ನು ಜೀರ್ಣೋದ್ಧಾರ ಮಾಡಿ ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದೆ. ಅಡಿಗೆಯ ಪಾತ್ರೆ, ಬೇಸಾಯದ ಉಪಕರಣ, ಪುಸ್ತಕ, ಭಾವಚಿತ್ರ, ಪ್ರಶಸ್ತಿ ಎಲ್ಲವೂ ಇಲ್ಲುಂಟು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕುವೆಂಪು ಹೆಚ್ಚಾಗಿ ಓದಿದ್ದು, ಹೆಚ್ಚು ಕಾಲ ಪಾಠ ಹೇಳಿದ್ದು, 1956ರಿಂದ 1960ರ ವರೆಗೆ ಕುಲಪತಿಗಳಾಗಿದ್ದುದು, 1994ರಲ್ಲಿ ಕಾಲವಾದದ್ದು ಎಲ್ಲವೂ ಮೈಸೂರಿನಲ್ಲಿ. ಹಾಗಿರುವಾಗ ಕವಿಮನೆ ಕುಪ್ಪಳಿಯಲ್ಲೇಕೆ? ಇಂಗ್ಲೆಂಡಿನ ಗ್ರಾಸ್ಮಿಯರಿನಲ್ಲಿರುವ ಡವ್ ಕಾಟೇಜನ್ನು 1890ರಲ್ಲಿ ಕೊಂಡು ಉಳಿಸಿದವರಿಗೆ ಈ ತೊಡಕಿರಲಿಲ್ಲ. ವರ್ಡ್ಸ್‌ವರ್ತನು ಆ ಮನೆಯಲ್ಲಿ ಕುಳಿತೇ ಬರೆದಿದ್ದನು. ಕುಪ್ಪಳಿಯ ಮಾತು ಬೇರೆ. ಮೈಸೂರು ಬರೆದ ಸ್ಥಳವಾದರೆ ಇದು ಬರೆಯಿಸಿಕೊಂಡ ಸ್ಥಳ. ಆದ್ದರಿಂದ ಗಾಜಿನ ಪೆಟ್ಟಿಗೆಯ ಪ್ರಶಸ್ತಿಗಳಿಗಿಂತ ಅಡಿಗೆಮನೆಯೂ ಮೆಟ್ಟಿಲುಗಳೂ ಇಲ್ಲಿ ಹೆಚ್ಚು ಬೆಲೆಯುಳ್ಳವೆಂದು ನಮ್ಮ ಭಾವನೆ. 2015ರ ನವೆಂಬರಿನಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ನಾಡೆಲ್ಲ ನೊಂದುಕೊಂಡಿತು, ಅದು ಸಹಜ. ಆದರೂ ಕಾದಂಬರಿಯ ಓದುಗನಿಗೆ ಬೇಕಾದದ್ದೊಂದೂ ಆ ರಾತ್ರಿ ಹೋಗಲಿಲ್ಲ.

ಮನೆಗೆ ಸಮೀಪದ ಗುಡ್ಡವೇ ಕವಿಶೈಲ. ಅಲ್ಲಿಯ ಬಂಡೆಯೊಂದರ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಈ ಮೂವರ ಹೆಸರಿನ ಅಕ್ಷರಗಳನ್ನು 1936ರಲ್ಲಿ ಕೊರೆಯಲಾಯಿತು. ಗುರುಶಿಷ್ಯರು ಒಂದೇ ಕಲ್ಲಿನಲ್ಲಿ! ಕವಿಯ ಸಮಾಧಿಯೂ ಅಲ್ಲಿಯೇ.

ಒಂದು ಕೊರತೆಯನ್ನು ಮಾತ್ರ ಹೇಳದೆ ಇರಲಾಗದು. ಉಳಿದಿರುವುದು ಜಮೀನುದಾರ ಗೌಡರ ಮನೆ. ‘ಮಲೆಗಳಲ್ಲಿ ಮದುಮಗಳು’ ತೆರೆದುಕೊಳ್ಳುವುದು ಸಿಂಬಾವಿ ಹೆಗ್ಗಡೆಯವರ ಹೊಲೆಯಾಳು ಗುತ್ತಿ ತನ್ನ ನಾಯಿ ಹುಲಿಯನೊಡನೆ ನಡೆಯುವ ದಾರಿಯಲ್ಲಿ. ಅವನಂಥವರ ಬಿಡಾರಗಳು ಮಣ್ಣು, ಹುಲ್ಲು, ಬಿದಿರಿನವು. ನಾಲ್ಕು ಮಳೆಗಾಲಕ್ಕೆ ಕರಗಿಹೋಗುವಂಥವು. ಅವುಗಳನ್ನು ಕಾಪಾಡಲು ಯಾವ ಪ್ರತಿಷ್ಠಾನವೂ ಇರಲಿಲ್ಲ. ಗುತ್ತಿಯ ಮನೆಯನ್ನು ನೋಡಬೇಕೆನ್ನುವವನು ಕುಪ್ಪಳಿಯಿಂದ ಹಿಂದಿರುಗಿ ಬಂದು ಆ ಕಾದಂಬರಿಯನ್ನೇ ಮತ್ತೊಮ್ಮೆ ತೆರೆಯಬೇಕು.